ಟೋಪಿ ಕೊಳ್ಳಲು ಹೋಗಿ ಟೋಪಿ ಹಾಕಿಸಿಕೊಳ್ಳದಿರಲು: ಹಳೇ ಜರ್ಮನ್ ಸೈನಿಕ ಟೋಪಿಗಳ ಬಗ್ಗೆ ಅನುಭವ ಇದ್ದವರು ಹೇಳಿ

ನೆಕ್ಕರ್ ದಂಡೆ (ಪ್ರಶ್ನೆ ಕೇಳಿದವರು)

ಎಲ್ಲರಿಗೂ ನಮಸ್ಕಾರ. ನಾನು ದಾವಣಗೆರೆ ಕಡೆಯವನು. ಸ್ಟುಟ್‌ಗಾರ್ಟ್‌ನಲ್ಲಿ ಕೆಲಸಕ್ಕೆ ಸೇರಿ ಮೂರು ವರ್ಷ ಆಯಿತು. ಇಲ್ಲಿ ಕಾರ್ಲ್ಸ್‌ಪ್ಲಾಟ್ಸ್ ಅನ್ನುವ ಚೌಕದಲ್ಲಿ ಪ್ರತಿ ಶನಿವಾರ ಹಳೇ ಸಾಮಾನಿನ ಸಂತೆ ಕೂಡುತ್ತದೆ. ಚಿಕ್ಕಂದಿನಲ್ಲಿ ನಾಣ್ಯ, ಅಂಚೆಚೀಟಿ ಕೂಡಿಸುತ್ತಿದ್ದೆ. ಆ ಚಟ ಇನ್ನೂ ಪೂರ್ತಿ ಬಿಟ್ಟಿಲ್ಲ ಅಂತ ಕಾಣುತ್ತದೆ.

ಹೋದ ವಾರ ಸಂತೆಯಲ್ಲಿ ಒಂದು ಟೋಪಿ ನೋಡಿದೆ. ಕಡು ನೀಲಿ ಉಣ್ಣೆ ಬಟ್ಟೆ, ಸುತ್ತ ಕೆಂಪು ಪಟ್ಟಿ, ಮುಂದುಗಡೆ ಒಂದರ ಮೇಲೊಂದು ಎರಡು ಗುಂಡನೆ ಬಿಲ್ಲೆ. ಪೀಕ್, ಅಂದರೆ ಹಣೆ ಮೇಲೆ ಚಾಚುವ ಗಟ್ಟಿ ಅಂಚು, ಇಲ್ಲ. ಮೆತ್ತಗೆ, ದುಂಡಗೆ ಇದೆ. ಮಾರುವವನು ‘ಮೊದಲ ಮಹಾಯುದ್ಧಕ್ಕೂ ಮುಂಚಿನದು, ರೊಮೆಲ್ ಇದ್ದ ರೆಜಿಮೆಂಟಿನದು’ ಅಂದ. 190 ಯೂರೋ ಹೇಳಿದ. ಮುಂದಿನ ವಾರದವರೆಗೆ ಎತ್ತಿಡು ಅಂತ ಹೇಳಿ ಬಂದಿದ್ದೇನೆ.

ಅಸಲಿಯೋ ನಕಲಿಯೋ ತಿಳಿಯುವುದು ಹೇಗೆ? ಈ ಹವ್ಯಾಸ ಶುರು ಮಾಡುವವರು ಎಲ್ಲಿಂದ ಶುರು ಮಾಡಬೇಕು? ಆಮೇಲೆ ಊರಿಗೆ ತಂದರೆ ನಮ್ಮ ಹವೆಗೆ ಉಳಿಯುತ್ತದಾ? ಅಮ್ಮ ಅಂತೂ ಫೋನಿನಲ್ಲೇ ‘ಸತ್ತವರ ಟೋಪಿ ಮನೆಗ್ಯಾಕೋ’ ಅಂತ ಬೈದಾಯಿತು.

ಹಳೇ ಟ್ರಂಕು, ಮ್ಯೂನಿಕ್

ಮೊದಲು ಆ ರೊಮೆಲ್ (ಎರಡನೇ ಮಹಾಯುದ್ಧದ ಹೆಸರಾಂತ ಜರ್ಮನ್ ಸೇನಾಪತಿ) ಕಥೆಯನ್ನು ಪಕ್ಕಕ್ಕಿಡಿ. ರೊಮೆಲ್ 1910ರಲ್ಲಿ ಸೇರಿದ್ದು 124ನೇ ಪದಾತಿ ರೆಜಿಮೆಂಟಿಗೆ, ಅದು ಇದ್ದದ್ದು ವೈನ್‌ಗಾರ್ಟನ್‌ನಲ್ಲಿ. ಇದು ನಿಜ. ಆದರೆ ನಿಮ್ಮ ಸ್ಟುಟ್‌ಗಾರ್ಟ್ ಆಗ ಇದ್ದ ವುರ್ಟೆಂಬರ್ಗ್ ರಾಜ್ಯದ ಪದಾತಿ ರೆಜಿಮೆಂಟುಗಳು 119ರಿಂದ 127ರವರೆಗೆ, ಜೊತೆಗೆ 180. ಸಾಮಾನ್ಯ ಸಿಪಾಯಿಯ ಟೋಪಿ ಎಲ್ಲದಕ್ಕೂ ಹೆಚ್ಚುಕಡಿಮೆ ಒಂದೇ: ನೀಲಿ ಬಟ್ಟೆ, ಕೆಂಪು ಪಟ್ಟಿ. ಹೊರಗಿಂದ ನೋಡಿ ‘ಇದು 124’ ಅಂತ ಯಾರಿಂದಲೂ ಹೇಳೋಕೆ ಆಗಲ್ಲ. ಒಳಗಿನ ಮುದ್ರೆ ಓದಿದರೆ ಮಾತ್ರ ಗೊತ್ತಾಗುತ್ತದೆ. ನಿಮ್ಮ ವ್ಯಾಪಾರಿ ಮುದ್ರೆ ತೋರಿಸಿದನಾ? ಇಲ್ಲ ಅಲ್ವಾ?

ನೀವು ನೋಡಿದ್ದಕ್ಕೆ ಇಲ್ಲಿನವರು ‘ಕ್ರೆಟ್ಸ್‌ಶೆನ್’ ಅನ್ನುತ್ತಾರೆ. ಕಡತದ ಹೆಸರು ‘ಫೆಲ್ಡ್‌ಮ್ಯುಟ್ಸೆ’. ಪೀಕ್ ಇರುವುದು ‘ಶಿರ್ಮ್‌ಮ್ಯುಟ್ಸೆ’, ನಮ್ಮ ಪಿಎಸ್‌ಐಗಳ ಪೀಕ್ ಕ್ಯಾಪ್ ಇದ್ದ ಹಾಗೆ. ಕೈಸರನ, ಅಂದರೆ ಜರ್ಮನ್ ಚಕ್ರವರ್ತಿಯ, ಕಾಲದಲ್ಲಿ ಸರ್ಕಾರ ಸಿಪಾಯಿಗೆ ಕೊಡುತ್ತಿದ್ದದ್ದು ಪೀಕ್ ಇಲ್ಲದ್ದು. ಪೀಕ್ ಅಧಿಕಾರಿಗಳಿಗೆ, ಹಿರಿಯ ಹವಾಲ್ದಾರ್ ದರ್ಜೆಯವರಿಗೆ. ಕೈಯಲ್ಲಿ ಕಾಸಿದ್ದ ಸಿಪಾಯಿ ಭಾನುವಾರ ಪೇಟೆ ಸುತ್ತೋಕೆ ಅಂತ ಸ್ವಂತ ದುಡ್ಡಲ್ಲಿ ಚಂದದ ಪೀಕ್ ಟೋಪಿ ಹೊಲಿಸಿಕೊಳ್ಳುತ್ತಿದ್ದ. ಇವತ್ತು ಪೇಟೆಗೆ ಬರುವುದರಲ್ಲಿ ಅಂಥವೂ ಜಾಸ್ತಿ. ಸ್ವಂತ ಟೋಪಿಯಲ್ಲಿ ಸರ್ಕಾರಿ ಮುದ್ರೆ ಇರಲ್ಲ, ದರ್ಜಿಯ ಅಥವಾ ಅಂಗಡಿಯ ಹೆಸರು ಇರುತ್ತದೆ. ಅದು ತಪ್ಪಲ್ಲ.

ಸರ್ಕಾರಿ ಟೋಪಿಯಾದರೆ ಲೈನಿಂಗ್ ಮೇಲೆ ಮಸಿ ಮುದ್ರೆ ಹುಡುಕಿ. ‘ಬಿ.ಎ.’ ಅಂತ ರೋಮನ್ ಲಿಪಿಯಲ್ಲಿದ್ದರೆ ಅದು ಬಟ್ಟೆ ಉಗ್ರಾಣದ ಗುರುತು, ಪಕ್ಕದ ರೋಮನ್ ಅಂಕಿ ಸೇನಾ ಕೋರಿನದು, ಅಂದರೆ ಹಲವು ರೆಜಿಮೆಂಟು ಸೇರಿದ ದೊಡ್ಡ ದಳದ್ದು. ವುರ್ಟೆಂಬರ್ಗ್‌ಗೆ 13. ಆಮೇಲೆ ಇಸವಿ, ರೆಜಿಮೆಂಟು, ಕಂಪನಿ (ರೆಜಿಮೆಂಟಿನೊಳಗಿನ ತುಕಡಿ), ತಲೆಯ ಅಳತೆ. ಎಲ್ಲವೂ ಸ್ಪಷ್ಟವಾಗಿ, ಕಪ್ಪಗೆ, ನಿನ್ನೆ ಹೊಡೆದ ಹಾಗಿದ್ದರೆ ಅನುಮಾನ ಪಡಿ. ನೂರು ವರ್ಷದ ಮಸಿ ಬಟ್ಟೆಯ ಎಳೆಯೊಳಗೆ ಇಳಿದು ಕಂದು ತಿರುಗಿರುತ್ತದೆ.

ಇನ್ನು ಆ ಎರಡು ಬಿಲ್ಲೆ. ಕೊಕಾರ್ಡೆ ಅಂತಾರೆ. ಮೇಲಿನದು ಇಡೀ ಜರ್ಮನ್ ಸಾಮ್ರಾಜ್ಯದ್ದು: ಹೊರಗೆ ಕಪ್ಪು, ನಡುವೆ ಬಿಳಿ, ಒಳಗೆ ಕೆಂಪು. ಕೆಳಗಿನ ಪಟ್ಟಿ ಮೇಲಿರುವುದು ಆಯಾ ರಾಜ್ಯದ್ದು. ಪ್ರಷ್ಯಕ್ಕೆ ಕಪ್ಪು-ಬಿಳಿ-ಕಪ್ಪು, ಬವೇರಿಯಕ್ಕೆ ಬಿಳಿ-ನೀಲಿ-ಬಿಳಿ, ಸ್ಯಾಕ್ಸನಿಗೆ ಬಿಳಿ-ಹಸಿರು-ಬಿಳಿ, ಬಾಡೆನ್‌ಗೆ ಹಳದಿ-ಕೆಂಪು-ಹಳದಿ. ನಿಮ್ಮದು ವುರ್ಟೆಂಬರ್ಗ್ ಆದರೆ ಕಪ್ಪು-ಕೆಂಪು-ಕಪ್ಪು ಇರಲೇಬೇಕು. ಸಾಮ್ರಾಜ್ಯದ ಬಿಲ್ಲೆ ಬಂದದ್ದು 1897ರಲ್ಲಿ, ಚಕ್ರವರ್ತಿ ಮೊದಲನೇ ವಿಲ್ಹೆಲ್ಮ್ ಹುಟ್ಟಿ ನೂರು ವರ್ಷ ಆದಾಗ. ಅದಕ್ಕೂ ಮುಂಚೆ ರಾಜ್ಯದ್ದು ಒಂದೇ. ಯಾರಾದರೂ ಎರಡು ಬಿಲ್ಲೆಯ ಟೋಪಿ ತೋರಿಸಿ ‘1870ರ ಫ್ರಾನ್ಸ್ ಯುದ್ಧದ್ದು’ ಅಂದರೆ ಸುಮ್ನೆ ನಕ್ಕು ಮುಂದೆ ಹೋಗಿ. ಕೆಳಗಿನ ಬಿಲ್ಲೆಯ ಮೇಲೆ ಚಿಕ್ಕ ಶಿಲುಬೆ ಇದ್ದರೆ ಅದು ಮೀಸಲು ಪಡೆಯವರದ್ದು. ಇದನ್ನು ತುಂಬಾ ಜನ ‘ವಿಶೇಷ ಪದಕ’ ಅಂತ ಮಾರುತ್ತಾರೆ. ವಿಶೇಷ ಏನೂ ಇಲ್ಲ, ಆದರೆ ನೋಡೋಕೆ ಚೆನ್ನಾಗಿರುತ್ತದೆ.

ಈಗ ನನ್ನ ಮರ್ಯಾದೆ ಹೋದ ಕಥೆ. ಶುರು ಮಾಡಿದ ವರ್ಷ ಒಬ್ಬ ವ್ಯಾಪಾರಿ ಹತ್ತಿರ ಬವೇರಿಯದ ಅಧಿಕಾರಿಯ ಪೀಕ್ ಕ್ಯಾಪ್ ತಗೊಂಡೆ. 340 ಯೂರೋ. ಜೊತೆಗೆ ‘ಅಜ್ಜನ ಆಸ್ತಿಯಿಂದ ಬಂದದ್ದು’ ಅಂತ ಟೈಪ್ ಮಾಡಿದ ಪತ್ರ ಬೇರೆ. ಮನೆಗೆ ತಂದು ಕಪಾಟಿನಲ್ಲಿ ಇಟ್ಟೆ. ಎರಡು ದಿನ ಬಿಟ್ಟು ಬಾಗಿಲು ತೆಗೆದರೆ ಘಮ್ ಅಂತ ಒಂದು ವಾಸನೆ. ಎಲ್ಲೋ ಗೊತ್ತಿರುವ ವಾಸನೆ, ಎಲ್ಲಿ ಅಂತ ಹೊಳೆಯುತ್ತಿಲ್ಲ. ಹೆಂಡತಿ ಬಂದು ಮೂಗು ಹಿಡಿದವಳೇ ‘ಕೊಲ್ಲಾಪುರಿ ಚಪ್ಪಲಿ ತಂದ್ರಾ?’ ಅಂದಳು. ಅಷ್ಟೇ! ಒಳಗಿನ ಚರ್ಮದ ಪಟ್ಟಿ ಹೊಸದು. ಟೀ ಡಿಕಾಕ್ಷನ್ನಿನಲ್ಲಿ ಅದ್ದಿ ಹಳೇದು ಮಾಡಿದ್ದರು. ಆಮೇಲೆ ವಿಚಾರಿಸಿದರೆ ಈ ಥರದ ನಕಲು ಟೋಪಿ, ಹೆಲ್ಮೆಟ್‌ಗಳಲ್ಲಿ ಬೇಕಾದಷ್ಟು ತಯಾರಾಗುವುದು ನಮ್ಮ ದೇಶದಲ್ಲೇ. ಜರಿ ಬಿಲ್ಲೆಗಳು ಪಾಕಿಸ್ತಾನದ ಸಿಯಾಲ್‌ಕೋಟ್‌ನಿಂದ. ನಾಟಕ, ಸಿನಿಮಾ, ಯುದ್ಧದ ಅಣಕು ಪ್ರದರ್ಶನದವರಿಗೆ ಅಂತ ಮಾಡುತ್ತಾರೆ, ಅದರಲ್ಲಿ ಮೋಸ ಇಲ್ಲ. ಮೋಸ ನಡೆಯುವುದು ಡಿಕಾಕ್ಷನ್ ಹಂತದಲ್ಲಿ. ಭಾರತದಿಂದ ಬಂದ ನಾನು ಮ್ಯೂನಿಕ್‌ನಲ್ಲಿ ಭಾರತದ ಟೋಪಿಯನ್ನೇ ಹಾಕಿಸಿಕೊಂಡೆ.

ಅಲ್ಲಿಂದ ಒಂದು ಅಭ್ಯಾಸ ಆಯಿತು. ಟೋಪಿ ಕೈಗೆ ಬಂದ ಕೂಡಲೇ ಬಿಲ್ಲೆ ನೋಡಲ್ಲ, ತಿರುಗಿಸಿ ಒಳಗೆ ನೋಡುತ್ತೇನೆ, ಮೂಸಿ ನೋಡುತ್ತೇನೆ. ನಿಜವಾಗಿ ಒಬ್ಬ ಮನುಷ್ಯ ಹಾಕಿದ್ದ ಟೋಪಿ ಒಂದೇ ಸಮ ಕೊಳೆಯಾಗಿರಲ್ಲ. ಹಣೆ ಕಡೆ ಜಾಸ್ತಿ ಕಪ್ಪು, ಹಿಂದೆ ಕಡಿಮೆ. ಬೆವರಿನ ಉಪ್ಪು ಗೆರೆ ಕಟ್ಟಿರುತ್ತದೆ. ಚರ್ಮ ಒಣಗಿ ಹೊಲಿಗೆ ಇರುವಲ್ಲಿ ಸುರುಟಿರುತ್ತದೆ. ಡಿಕಾಕ್ಷನ್ ಹಾಕಿದವನು ಪೂರ್ತಿ ಒಂದೇ ಬಣ್ಣ ಮಾಡಿಬಿಡುತ್ತಾನೆ, ಅಲ್ಲೇ ಸಿಕ್ಕಿಬೀಳುವುದು. ಆಮೇಲೆ ಬಿಲ್ಲೆಯ ಅಂಚನ್ನು ಉಗುರಿನಿಂದ ಸ್ವಲ್ಪವೇ ಎತ್ತಿ ನೋಡಿ. ಗೋಡೆಯ ಹಳೇ ಕ್ಯಾಲೆಂಡರ್ ತೆಗೆದರೆ ಅಡಿಯಲ್ಲಿ ಸುಣ್ಣದ ಬಣ್ಣ ಹಾಗೇ ಉಳಿದಿರುತ್ತದಲ್ಲ, ಹಾಗೆ ಬಿಲ್ಲೆ ಅಡಿಯ ಬಟ್ಟೆ ಸುತ್ತಲಿನದಕ್ಕಿಂತ ಗಾಢವಾಗಿರಬೇಕು. ಬಣ್ಣ ಒಂದೇ ಆಗಿದ್ದರೆ ಬಿಲ್ಲೆ ಇತ್ತೀಚೆಗೆ ಕೂತದ್ದು.

ಪತ್ರ, ಪ್ರಮಾಣಪತ್ರಗಳನ್ನಂತೂ ನಂಬಲೇಬೇಡಿ. 1983ರಲ್ಲಿ ಹಿಟ್ಲರನ ಡೈರಿ ಅಂತ ಜರ್ಮನಿಯನ್ನೇ ಬೆಪ್ಪು ಮಾಡಿದ ಕೊನ್ರಾಡ್ ಕುಯಾವು ಮೊದಲು ಮಾಡುತ್ತಿದ್ದದ್ದು ಹಳೇ ಸೇನಾ ಸಾಮಾನಿನ ವ್ಯಾಪಾರ. ಅದೂ ನಿಮ್ಮ ಸ್ಟುಟ್‌ಗಾರ್ಟ್‌ನಲ್ಲೇ! ಸಾಧಾರಣ ಸಾಮಾನಿಗೆ ಖೋಟಾ ಪತ್ರ ಬರೆದು ಜೋಡಿಸಿ ಬೆಲೆ ಏರಿಸುತ್ತಿದ್ದ. ಕೊನೆಗೆ ಅವನ ಡೈರಿ ಸಿಕ್ಕಿಬಿದ್ದದ್ದರಲ್ಲಿ ಕಾಗದದ ಪಾಲೂ ಇತ್ತು. ಯುದ್ಧ ಮುಗಿದು ಎಷ್ಟೋ ವರ್ಷದ ಮೇಲೆ, 1950ರ ದಶಕದಲ್ಲಿ ಬಳಕೆಗೆ ಬಂದ ಬಿಳುಪು ರಾಸಾಯನಿಕ ಅದರಲ್ಲಿತ್ತು. ಅದೇ ಉಪಾಯ ನಮಗೂ ಆಗುತ್ತದೆ. ನೋಟು ಪರೀಕ್ಷೆ ಮಾಡುವ ಚಿಕ್ಕ ನೇರಳೆ ಟಾರ್ಚ್ ಸಿಗುತ್ತದಲ್ಲ, ಕತ್ತಲಲ್ಲಿ ಅದನ್ನು ಹೊಲಿಗೆ ದಾರದ ಮೇಲೆ, ಲೈನಿಂಗ್ ಮೇಲೆ ಹಿಡಿಯಿರಿ. ಮದುವೆ ಮನೆ ಸೀರಿಯಲ್ ಸೆಟ್ ಹಾಗೆ ನೀಲಿ-ಬಿಳಿ ಹೊಳೆದರೆ ಎಚ್ಚರ. ಆದರೆ ಇದು ಒಂದೇ ಸಾಕ್ಷಿ ಸಾಲದು. ಯಾವುದೋ ಪುಣ್ಯಾತ್ಗಿತ್ತಿ 1980ರಲ್ಲಿ ಅಜ್ಜನ ಟೋಪಿಯನ್ನು ಸೋಪಿನ ಪುಡಿಯಲ್ಲಿ ಒಗೆದಿದ್ದರೂ ಹೊಳೆಯುತ್ತದೆ. ಹೊಳೆಯದ ಹಳೇ ದಾರ ತಂದು ಹೊಲಿಯುವ ಕಿಲಾಡಿಗಳೂ ಇದ್ದಾರೆ.

ಸೂಜಿದಾರ, ಹುಬ್ಬಳ್ಳಿ

ನಾನು ಟೋಪಿ ಕೂಡಿಸುವವನಲ್ಲ, ನಮ್ಮದು ದರ್ಜಿ ಮನೆತನ. ಅಪ್ಪ ಯೂನಿಫಾರ್ಮ್ ಹೊಲಿಯುತ್ತಿದ್ದರು, ಪೀಕ್ ಕ್ಯಾಪ್ ಕೂಡ. ನನ್ನ ಅಳಿಯ ಡ್ಯೂಸೆಲ್‌ಡಾರ್ಫ್‌ನಲ್ಲಿದ್ದಾನೆ, ಅವನಿಗೂ ಇದೇ ಹುಚ್ಚು. ಪ್ರತಿ ಸಲ ವಿಡಿಯೋ ಕಾಲ್ ಮಾಡಿ ‘ಮಾವಾ, ಹೊಲಿಗೆ ನೋಡ್ರಿ’ ಅಂತಾನೆ. ಹಿಂಗಾಗಿ ನನಗೂ ನಾಲ್ಕು ವಿಷಯ ಗೊತ್ತಾಗಿದೆ.

ಮಷಿನ್ ಹೊಲಿಗೆ ಇದೆ ಅಂದ ಕೂಡಲೇ ನಕಲಿ ಅನ್ನಬೇಡಿ. 1900ಕ್ಕೆ ಹೊಲಿಗೆ ಮಷಿನ್ ಎಲ್ಲಾ ಕಡೆ ಬಂದಿತ್ತು. ನೋಡಬೇಕಾದದ್ದು ದಾರ. ಆಗ ಹತ್ತಿ, ಲಿನನ್, ರೇಷ್ಮೆ ದಾರ. ಪಾಲಿಯೆಸ್ಟರ್ ದಾರ ಎರಡನೇ ಮಹಾಯುದ್ಧದ ನಂತರದ ಸರಕು. ಪಾಲಿಯೆಸ್ಟರ್ ತುಂಡಾದ ಕಡೆ ತುದಿ ಬಿರುಸಾಗಿ, ಮಿನುಗುತ್ತಾ ನಿಂತಿರುತ್ತದೆ. ಹತ್ತಿ ದಾರ ನಯವಾಗಿ ನೂಲು ನೂಲಾಗಿ ಬಿಚ್ಚಿಕೊಂಡಿರುತ್ತದೆ. ಎಳೆ ಕಿತ್ತು ಬೆಂಕಿ ಹಚ್ಚಿ ನೋಡು ಅಂತ ಕೆಲವರು ಹೇಳುತ್ತಾರೆ. ಯಾರದೋ ಅಂಗಡಿಯಲ್ಲಿ ನಿಂತು ಹಾಗೆ ಮಾಡಿದರೆ ಹೊಡೆತ ತಿನ್ನುತ್ತೀರಿ.

ಪೈಪಿಂಗ್ ಅಂತೀವಲ್ಲ, ಅಂಚಿನ ಆ ಸಣ್ಣ ಬಣ್ಣದ ಗೆರೆ, ಅದನ್ನು ಬೆರಳಿನಿಂದ ಒತ್ತಿ ಹಿಡಿದು ಸುತ್ತ ಒಂದು ಸಾರಿ ಹೋಗಿ. ಒಳ್ಳೇ ದರ್ಜಿ ಬಟ್ಟೆಯನ್ನು ಓರೆಯಾಗಿ ಕತ್ತರಿಸಿರುತ್ತಾನೆ. ಆಗಲೇ ಅದು ದುಂಡಗೆ ಸುಕ್ಕಿಲ್ಲದೆ ತಿರುಗುವುದು. ಅಗ್ಗದ ನಕಲಿನಲ್ಲಿ ನೇರ ಕತ್ತರಿಸಿ ಎಳೆದು ಕೂಡಿಸಿರುತ್ತಾರೆ, ತಿರುವಿನಲ್ಲಿ ನೆರಿಗೆ ಬಿದ್ದಿರುತ್ತದೆ. ಜೋಡಿಸಿದ ಜಾಗ ಎಲ್ಲಿದೆ ನೋಡಿ. ಅಪ್ಪ ಯಾವತ್ತೂ ಜೋಡಣೆಯನ್ನು ಹಿಂದೆ ತರುತ್ತಿದ್ದರು, ಮುಂದೆ ಬಂದರೆ ಬಿಚ್ಚಿಸುತ್ತಿದ್ದರು. ಯಾವ ದೇಶದ ದರ್ಜಿಯಾದರೂ ಅಷ್ಟು ಮರ್ಯಾದೆ ಇಟ್ಟುಕೊಂಡಿರುತ್ತಾನೆ.

ನುಸಿ ತಿಂದ ತೂತು ಇದ್ದರೆ ಹಳೇದು ಅನ್ನುವ ನಂಬಿಕೆ ಇದೆ. ನುಸಿ ಮೊದಲು ಮೇಲಿನ ರೋಮ ಮೇಯುತ್ತದೆ, ಆಮೇಲೆ ತೂತು. ಹಾಗಾಗಿ ತೂತಿನ ಸುತ್ತ ಬಟ್ಟೆ ತೆಳ್ಳಗಾಗಿರುತ್ತದೆ. ಅಂಚು ಚೂಪಾಗಿ, ಸುತ್ತ ದಪ್ಪ ಬಟ್ಟೆ ಹಾಗೇ ಇದ್ದರೆ ಆ ನುಸಿಗೆ ಎರಡು ಕೈ ಮತ್ತು ಒಂದು ಕತ್ತರಿ ಇತ್ತು ಅಂತ ತಿಳಿಯಿರಿ.

ಬರ್ಲಿನ್ ಬಾಲ್ಕನಿ

ಒಂದು ವಿಷಯ ಯಾರೂ ಹೇಳಲಿಲ್ಲ. ಕೈಸರನ ಕಾಲದ ಟೋಪಿ ಕೊಂಡರೆ ಇಲ್ಲಿನ ಕಾನೂನಿನ ತಂಟೆ ಇಲ್ಲ. ಆದರೆ 1933ರಿಂದ 1945ರ ಸಾಮಾನಿಗೆ ಕೈ ಹಾಕುವ ಮುಂಚೆ ಎರಡು ಸಲ ಯೋಚಿಸಿ. ಜರ್ಮನ್ ದಂಡ ಸಂಹಿತೆಯ 86ಎ ವಿಧಿ ಪ್ರಕಾರ ನಾಜಿ ಗುರುತುಗಳನ್ನು ಸಾರ್ವಜನಿಕವಾಗಿ ತೋರಿಸುವುದು, ಹಂಚುವುದು ಅಪರಾಧ. ಮೂರು ವರ್ಷದವರೆಗೆ ಜೈಲು ಅಥವಾ ದಂಡ. ಇತಿಹಾಸ, ಸಂಶೋಧನೆ, ಬೋಧನೆ, ಕಲೆಗೆ ವಿನಾಯಿತಿ ಇದೆ. ಅದಕ್ಕೇ ಇಲ್ಲಿನ ಹರಾಜು ಪಟ್ಟಿಗಳ ಫೋಟೋದಲ್ಲಿ, ಸಂತೆಯ ಮೇಜಿನ ಮೇಲೆ ಆ ಗುರುತಿಗೆ ಸ್ಟಿಕರ್ ಅಂಟಿಸಿರುವುದು. ‘ನೋಡ್ರೋ ಹೊಸ ಟೋಪಿ’ ಅಂತ ಸ್ವಸ್ತಿಕ ಹಿಡಿದ ನಾಜಿ ಹದ್ದಿನ ಬಿಲ್ಲೆ ಸಮೇತ ಫೋಟೋವನ್ನು ಸ್ಟೇಟಸ್‌ಗೆ ಹಾಕುವ ಕೆಲಸ ಮಾತ್ರ ಮಾಡಬೇಡಿ. ಆಸ್ಟ್ರಿಯಾದ ಕಾನೂನು ಇನ್ನೂ ಬಿಗಿ.

ನಮ್ಮವರಿಗೆ ಇದು ಸುಲಭಕ್ಕೆ ಅರ್ಥ ಆಗಲ್ಲ, ಯಾಕೆಂದರೆ ಸ್ವಸ್ತಿಕ ನಮ್ಮ ಹೊಸ್ತಿಲ ಮೇಲಿರುವುದು. ಬಂದ ಮೊದಲ ದೀಪಾವಳಿಗೆ ನಾನು ಬಾಲ್ಕನಿಯಲ್ಲಿ ರಂಗೋಲಿ ಹಾಕಿ ನಾಲ್ಕು ಮೂಲೆಗೂ ಸ್ವಸ್ತಿಕ ಬರೆದಿದ್ದೆ. ಎದುರು ಮನೆಯ ವಯಸ್ಸಾದ ಹೆಂಗಸು ಬಾಗಿಲು ತಟ್ಟಿದರು. ಜಗಳ ಮಾಡಲಿಲ್ಲ. ಒಳಗೆ ಕರೆದು ಚಹಾ ಕೊಟ್ಟೆ, ನಮ್ಮ ಪದ್ಧತಿ ಹೇಳಿದೆ. ಎಲ್ಲಾ ಕೇಳಿಸಿಕೊಂಡು ‘ಗೊತ್ತಾಯಿತು. ಆದರೂ ನನ್ನ ಅಡುಗೆಮನೆ ಕಿಟಕಿಯಿಂದ ಅದು ಕಾಣುತ್ತದೆ’ ಅಂದರು. ಅಳಿಸಿ ಕಮಲ ಬರೆದೆ. ಅವತ್ತಿನಿಂದ ಈ ಸಾಮಾನನ್ನು ಕೂಡಿಸುವವರನ್ನು ಕಂಡರೆ ಒಂದು ಪ್ರಶ್ನೆ ಕೇಳುತ್ತೇನೆ: ಕಪಾಟು ಯಾವ ಕಡೆ ಮುಖ ಮಾಡಿದೆ?

ಕೂಡಿಸಲೇಬಾರದು ಅಂತಲ್ಲ. ನನ್ನ ಗಂಡ ಕೂಡಿಸುತ್ತಾರೆ, ಆದರೆ ಪೂರ್ವ ಜರ್ಮನಿಯದ್ದು. 1956ರಿಂದ 1990ರವರೆಗೆ ಇದ್ದ ಎನ್‌ವಿಎ ಸೇನೆಯ ಟೋಪಿಗಳು. ಮುಂದೆ ಸುತ್ತಿಗೆ, ಕೈವಾರ, ತೆನೆ. ದೇಶವೇ ಮುಚ್ಚಿ ಹೋದಾಗ ಉಗ್ರಾಣಗಟ್ಟಲೆ ಉಳಿದುಬಿಟ್ಟವು. ಹಾಗಾಗಿ ಅಗ್ಗ, ನಕಲು ಮಾಡಿದರೆ ಗಿಟ್ಟಲ್ಲ. ಪೈಪಿಂಗ್ ಬಿಳಿ ಇದ್ದರೆ ಭೂಸೇನೆ, ಹಸಿರಿದ್ದರೆ ಗಡಿ ಪಡೆ, ತಿಳಿ ನೀಲಿ ವಾಯುಪಡೆ. ಹೊಸಬರಿಗೆ ಅ ಆ ಇ ಈ ಕಲಿಯೋಕೆ ಇದಕ್ಕಿಂತ ಒಳ್ಳೇದಿಲ್ಲ. ಪ್ರವಾಸಿಗರು ತುಂಬುವ ಜಾಗದಲ್ಲಿ ಮಾತ್ರ ಕೊಳ್ಳಬೇಡಿ, ಅಲ್ಲಿ ಯಾವ ಟೋಪಿಗೆ ಯಾವ ಬಿಲ್ಲೆ ಸಿಕ್ಕಿಸಿದ್ದಾರೋ ದೇವರಿಗೇ ಗೊತ್ತು.

ಹಳೇ ಟ್ರಂಕು, ಮ್ಯೂನಿಕ್

ಬಾಲ್ಕನಿ ಅವರ ಮಾತಿಗೆ ನನ್ನದೂ ಒಂದು ಸೇರಿಸಿ. ಎರಡನೇ ಮಹಾಯುದ್ಧದ ಟೋಪಿಗಳಿಗೆ ದುಡ್ಡು ಜಾಸ್ತಿ, ಹಾಗಾಗಿ ನಕಲು ಕೂಡ ಅಲ್ಲೇ ಜಾಸ್ತಿ. ಸುಮ್ಮನೆ ಒಂದು ಉದಾಹರಣೆ. ಆಗ ಅಂಚಿನ ಬಣ್ಣ ನೋಡಿ ಯಾವ ದಳ ಅಂತ ಹೇಳುತ್ತಿದ್ದರು: ಬಿಳಿ ಪದಾತಿ, ಕೆಂಪು ಫಿರಂಗಿ, ಗುಲಾಬಿ ಟ್ಯಾಂಕ್. ಗುಲಾಬಿಗೆ ಗಿರಾಕಿ ಹೆಚ್ಚು. ಆದ್ದರಿಂದ ಅಸಲಿ ಪದಾತಿ ಟೋಪಿಯ ಬಿಳಿ ಅಂಚಿಗೆ ಬಣ್ಣ ಹಾಕಿ ಟ್ಯಾಂಕ್ ಮಾಡಿಬಿಡುತ್ತಾರೆ. ಟೋಪಿ ಅಸಲಿ, ಬಣ್ಣ ಖೋಟಾ. ಎಂಥಾ ಅನುಭವಸ್ಥರೂ ಬೀಳುತ್ತಾರೆ. ‘ಪೆಕ್ಯುರೋ’, ‘ಎರೆಲ್’ ಅಂತ ಒಳ್ಳೇ ತಯಾರಕರ ಹೆಸರು ಕೇಳುತ್ತೀರಿ. ಎರೆಲ್ ಅಂದರೆ ಬರ್ಲಿನ್‌ನ ರಾಬರ್ಟ್ ಲುಬ್‌ಸ್ಟೈನ್ ಹೆಸರಿನ ಮೊದಲಕ್ಷರಗಳು. ಈ ಹೆಸರಿನ ಖೋಟಾ ಲೇಬಲ್ ಬಿಡಿಯಾಗಿಯೇ ಮಾರಾಟಕ್ಕಿವೆ. ನನ್ನ ಮಟ್ಟಿಗೆ ಆ ಕಾಲದ ಸಾಮಾನು ಬೇಡವೇ ಬೇಡ. ಬೇರೆಯವರ ಇಷ್ಟ ಅವರದು.

ಮರೆತ ಮಾತು. ಜರ್ಮನಿಯಲ್ಲಿ ಟೋಪಿ ಹಾಕದ ಇಲಾಖೆಯೇ ಇರಲಿಲ್ಲ. ಅಗ್ನಿಶಾಮಕ, ರೈಲ್ವೆ, ಅಂಚೆ, ಅರಣ್ಯ, ಊರಿನ ಬ್ಯಾಂಡ್, ಬಂದೂಕಿನಿಂದ ಗುರಿ ಹೊಡೆಯುವವರ ಸಂಘ, ವಿದ್ಯಾರ್ಥಿ ಸಂಘ, ನಿವೃತ್ತ ಸೈನಿಕರ ಸಂಘ. ಇವೆಲ್ಲಾ ಸಂತೆಯಲ್ಲಿ ‘ಮಿಲಿಟರಿ’ ಅಂತಲೇ ಮಾರಾಟ ಆಗುವುದು. ನನ್ನ ಮೊದಲ ‘ಫಿರಂಗಿ ದಳದ ಟೋಪಿ’ ಕೊನೆಗೆ ಅಗ್ನಿಶಾಮಕದವರದ್ದಾಗಿತ್ತು. 15 ಯೂರೋ ಅಷ್ಟೇ, ಈಗಲೂ ಇಟ್ಟುಕೊಂಡಿದ್ದೇನೆ, ಚಂದ ಇದೆ.

ಕೊಳ್ಳುವ ಮುಂಚೆ ಕಣ್ಣು ಪಳಗಿಸಬೇಕು. ಇಂಗೊಲ್‌ಸ್ಟಾಟ್‌ನ ಬವೇರಿಯನ್ ಸೇನಾ ಮ್ಯೂಸಿಯಂ, ಡ್ರೆಸ್ಡೆನ್‌ನ ಸೇನಾ ಇತಿಹಾಸ ಮ್ಯೂಸಿಯಂ, ನಿಮಗೆ ಹತ್ತಿರದಲ್ಲಿ ರಾಷ್ಟಾಟ್‌ನದ್ದು. ಟಿಕೆಟ್ ದುಡ್ಡಿಗೆ ನೂರು ಅಸಲಿ ಟೋಪಿ ನೋಡಬಹುದು. ಹರಾಜಿನಲ್ಲಿ ಕೊಂಡರೆ ಕೂಗಿದ ಬೆಲೆಯ ಮೇಲೆ ಕಮಿಷನ್ ಕಾಲು ಭಾಗದಷ್ಟು ಬೀಳಬಹುದು. ಅದನ್ನು ಲೆಕ್ಕ ಹಾಕಿಯೇ ಕೈ ಎತ್ತಿ.

ಕಡಲತಡಿ, ಮಂಗಳೂರು

ನನ್ನದು ನೌಕಾಪಡೆ. ನಾವಿಕರ ಟೋಪಿಗೆ ‘ಟೆಲ್ಲರ್‌ಮ್ಯುಟ್ಸೆ’ ಅಂತಾರೆ, ಅಂದರೆ ತಟ್ಟೆ ಟೋಪಿ. ನೋಡಿದರೆ ನೀರುದೋಸೆ ತಟ್ಟೆ ಕವುಚಿಟ್ಟ ಹಾಗೇ ಇರುತ್ತದೆ. ಅದರ ಸುತ್ತ ಕಟ್ಟುವ ರಿಬ್ಬನ್ ಮೇಲೆ ಹಡಗಿನ ಹೆಸರು. ಕೈಸರನ ಕಾಲದಲ್ಲಿ ಡೆಕ್ ನಾವಿಕರಿಗೆ ಚಿನ್ನದ ಬಣ್ಣದ ಅಕ್ಷರ, ಎಂಜಿನ್ ಕಡೆಯವರಿಗೆ ಬೆಳ್ಳಿ. 1938ರಿಂದ ಗುಟ್ಟು ಕಾಯೋಕೆ ಹಡಗಿನ ಹೆಸರು ತೆಗೆದು ಬರೀ ‘ಕ್ರೀಗ್ಸ್‌ಮರೀನೆ’ ಅಂತ ಹಾಕಿದರು.

ನಮ್ಮ ಕಡೆಯವರೆಲ್ಲಾ ಬೀಳುವುದು ಒಂದೇ ಹೆಸರಿಗೆ: ಎಂಡೆನ್. 1914ರ ಸೆಪ್ಟೆಂಬರ್ 22ರ ರಾತ್ರಿ ಮದರಾಸಿಗೆ ಗುಂಡು ಹೊಡೆದು ಎಣ್ಣೆ ಟ್ಯಾಂಕ್ ಸುಟ್ಟ ಹಡಗು. ನವೆಂಬರ್ 9ಕ್ಕೆ ಕೋಕೋಸ್ ದ್ವೀಪದ ಹತ್ತಿರ ಆಸ್ಟ್ರೇಲಿಯಾದ ಸಿಡ್ನಿ ಹಡಗಿಗೆ ಸಿಕ್ಕಿ ಮುಗಿದುಹೋಯಿತು. ನಮ್ಮ ಅಜ್ಜಿಯ ತಂದೆ ಆಗ ಮದರಾಸಿನಲ್ಲಿ ಹೋಟೆಲ್ ಕೆಲಸಕ್ಕಿದ್ದರಂತೆ. ಗಂಟು ಕಟ್ಟಿಕೊಂಡು ಊರಿಗೆ ಓಡಿ ಬಂದ ಕಥೆ ಕೇಳಿಯೇ ಬೆಳೆದವ ನಾನು. ಹಾಗಾಗಿ ‘ಎಸ್.ಎಂ.ಎಸ್. ಎಂಡೆನ್’ ರಿಬ್ಬನ್ ಕಂಡಾಗ ಕೈ ನಡುಗಿತು, ತಗೊಂಡುಬಿಟ್ಟೆ.

ಆಮೇಲೆ ಗೊತ್ತಾದದ್ದು: ಎಂಡೆನ್ ಒಂದಲ್ಲ! ಮೊದಲನೆಯದು ಮುಳುಗಿದ ಮೇಲೆ 1916ರಲ್ಲಿ ಅದೇ ಹೆಸರಿನ ಎರಡನೇ ಹಡಗು ನೀರಿಗಿಳಿಸಿದರು. 1925ರಲ್ಲಿ ಮೂರನೆಯದು. ಯುದ್ಧದ ನಂತರದ ಪಶ್ಚಿಮ ಜರ್ಮನಿಯೂ ತನ್ನ ಎರಡು ಯುದ್ಧನೌಕೆಗಳಿಗೆ ಎಂಡೆನ್ ಅಂತಲೇ ಹೆಸರಿಟ್ಟಿತು. ಎಸ್.ಎಂ.ಎಸ್. ಅಂದರೆ ಕೈಸರನ ಹಡಗು ಅಂತ, ಹಾಗಾಗಿ ಆ ಮೂರು ಅಕ್ಷರ ಇದ್ದರೆ ಮೊದಲ ಎರಡರಲ್ಲಿ ಒಂದು. ಯಾವುದು ಅಂತ ರಿಬ್ಬನ್ ಹೇಳುವುದಿಲ್ಲ. ಮದರಾಸಿಗೆ ಬಂದ ಹಡಗಿನ ರಿಬ್ಬನ್ ಎಷ್ಟು ಉಳಿದಿರಬಹುದು ನೀವೇ ಲೆಕ್ಕ ಹಾಕಿ. ನನ್ನದು ಎರಡನೇ ಹಡಗಿನದ್ದು ಇರಬೇಕು ಅಂತ ಸಮಾಧಾನ ಮಾಡಿಕೊಂಡಿದ್ದೆ. ಹೋದ ವರ್ಷ ನೇರಳೆ ಟಾರ್ಚ್ ಹಿಡಿದೆ. ಹೊಳೆಯಿತು ಮಾರಾಯ್ರೆ.

ಜೆ.ಸಿ. ನಗರ, ಬೆಂಗಳೂರು

ಮನೆ ಹತ್ತಿರ ಮೈಸೂರು ಲ್ಯಾನ್ಸರ್ಸ್ ಸ್ಮಾರಕ ಇದೆ, ದಿನಾ ಅದರ ಮುಂದೆಯೇ ಓಡಾಡುವುದು. ನಮ್ಮ ಕುದುರೆ ಪಡೆಯವರು 1918ರ ಸೆಪ್ಟೆಂಬರ್ 23ರಂದು ಜೋಧಪುರದವರ ಜೊತೆ ಹೈಫಾ ಗೆದ್ದರಲ್ಲ, ಆ ರಂಗದಲ್ಲಿ ತುರ್ಕರ ಜೊತೆ ಜರ್ಮನ್ನರೂ ಇದ್ದರು. ಪ್ಯಾಲೆಸ್ಟೈನ್‌ನಲ್ಲಿದ್ದ ಜರ್ಮನ್ ಪಡೆಯ ಖಾಕಿ ಟೋಪಿ ಒಂದು ಬೇಕು ಅಂತ ಏಳು ವರ್ಷದಿಂದ ಹುಡುಕುತ್ತಿದ್ದೇನೆ. ಸಿಕ್ಕ ಎರಡೂ ನಕಲು. ಕೂಡಿಸಿದ್ದು ಸೊನ್ನೆ, ಓದಿದ್ದು ಮಾತ್ರ ಬೇಕಾದಷ್ಟು.

ಮ್ಯೂಸಿಯಂ ಮೂಲೆ, ಮೈಸೂರು

ಹಳೇ ಬಟ್ಟೆಗಳ ಸಂರಕ್ಷಣೆ ನನ್ನ ಕೆಲಸ. ಊರಿಗೆ ತಂದರೆ ಉಳಿಯುತ್ತದಾ ಅಂತ ಕೇಳಿದ್ದೀರಿ. ದಾವಣಗೆರೆಯ ಒಣ ಹವೆಗೆ ಉಳಿಯುತ್ತದೆ. ಮಂಗಳೂರಿನವರು ಮಳೆಗಾಲದಲ್ಲಿ ಒದ್ದಾಡಬೇಕು, ಚರ್ಮದ ಪಟ್ಟಿಗೆ ಬೂಷ್ಟು ಹಿಡಿಯುತ್ತದೆ.

ತಂದ ಕೂಡಲೇ ಬೇರೆ ಉಣ್ಣೆ ಬಟ್ಟೆ ಜೊತೆ ಇಡಬೇಡಿ. ಪ್ಲಾಸ್ಟಿಕ್ ಚೀಲದಲ್ಲಿ ಗಾಳಿ ತೆಗೆದು ಬಿಗಿಯಾಗಿ ಮುಚ್ಚಿ, ಮೈನಸ್ 18 ಡಿಗ್ರಿಯ ಫ್ರೀಜರ್‌ನಲ್ಲಿ ಎರಡು ವಾರ ಇಡಿ. ನುಸಿ, ಮರಿ, ಮೊಟ್ಟೆ ಎಲ್ಲಾ ಸಾಯುತ್ತವೆ. ಹೊರಗೆ ತೆಗೆದ ಮೇಲೆ ಚೀಲ ಒಂದು ದಿನ ಬಿಚ್ಚಬೇಡಿ, ಬಿಚ್ಚಿದರೆ ತಣ್ಣನೆ ಬಟ್ಟೆ ಮೇಲೆ ನೀರು ಕೂರುತ್ತದೆ. ಕೆಲವು ಟೋಪಿಗಳ ಒಳ ನೆತ್ತಿಯಲ್ಲಿ ಸೆಲ್ಯುಲಾಯ್ಡ್ (ಹಳೇ ಕಾಲದ ಪ್ಲಾಸ್ಟಿಕ್) ಹಾಳೆ ಇರುತ್ತದೆ. ಚಳಿಗೆ ಅದು ಹಪ್ಪಳ ಆಗುತ್ತದೆ, ಅಂಥದ್ದನ್ನು ಫ್ರೀಜರ್‌ಗೆ ಹಾಕದಿರುವುದೇ ವಾಸಿ.

ನುಸಿಗುಳಿಗೆ ಬೇಡ. ವಾಸನೆ ಜನ್ಮದಲ್ಲಿ ಹೋಗಲ್ಲ, ಸೆಲ್ಯುಲಾಯ್ಡ್‌ಗೂ ಒಳ್ಳೇದಲ್ಲ. ನಮ್ಮಜ್ಜಿಯರು ರೇಷ್ಮೆ ಸೀರೆ ಪೆಟ್ಟಿಗೆಯಲ್ಲಿ ಇಡುತ್ತಿದ್ದ ಒಣ ಬೇವಿನೆಲೆ, ಬಜೆ ಪರವಾಗಿಲ್ಲ, ಆದರೆ ಬಟ್ಟೆಗೆ ತಾಗದಂತೆ ಗಂಟು ಕಟ್ಟಿ ಇಡಿ, ಕಲೆ ಆಗುತ್ತದೆ. ಟೋಪಿಯೊಳಗೆ ಆಮ್ಲ ಇಲ್ಲದ ತೆಳು ಕಾಗದ ಉಂಡೆ ಮಾಡಿ ತುಂಬಿ. ಮೊಳೆಗೆ ನೇತುಹಾಕಬೇಡಿ, ಆಕಾರ ಹೋಗುತ್ತದೆ. ಬಿಸಿಲಿಗೆ ಇಡಬೇಡಿ. ಚರ್ಮಕ್ಕೆ ಕೊಬ್ಬರಿ ಎಣ್ಣೆ, ಶೂ ಪಾಲಿಶ್ ಖಂಡಿತಾ ಬೇಡ. ತೊಳೆಯುವ ಯೋಚನೆ ಬಂದರೆ ಮಲಗಿ ಎದ್ದೇಳಿ. ಆ ಬೆವರಿನ ಗೆರೆಯೇ ನಿಮ್ಮ ಸಾಕ್ಷಿ ಅಂತ ಮೇಲೆ ಹೇಳಿದ್ದಾರಲ್ಲ.

ನೆಕ್ಕರ್ ದಂಡೆ

ಎಲ್ಲರಿಗೂ ದೊಡ್ಡ ನಮಸ್ಕಾರ. ಇವತ್ತು ಸಂತೆಗೆ ಹೋಗಿದ್ದೆ. ವರದಿ ಒಪ್ಪಿಸುತ್ತೇನೆ.

ಕೈಗೆ ತಗೊಂಡು ಮೊದಲು ಮೂಸಿದೆ. ಅಂಗಡಿಯವನು ವಿಚಿತ್ರವಾಗಿ ನೋಡಿದ. ಹಳೇ ಪುಸ್ತಕ, ಧೂಳಿನ ವಾಸನೆ, ಚಪ್ಪಲಿ ಅಂಗಡಿಯದ್ದಲ್ಲ. ಕೆಳಗಿನ ಬಿಲ್ಲೆ ಕಪ್ಪು-ಕೆಂಪು-ಕಪ್ಪು. ಅದರ ಅಡಿಯ ಪಟ್ಟಿ ಟೊಮೆಟೊ ಹಣ್ಣಿನ ಹಾಗೆ ಕೆಂಪಗಿದೆ, ಸುತ್ತಲಿನದು ಇಟ್ಟಿಗೆ ಬಣ್ಣ. ಮೇಲಿನ ಬಿಲ್ಲೆ ಅಡಿಯಲ್ಲಿ ಮಾತ್ರ ಬಣ್ಣ ವ್ಯತ್ಯಾಸ ಇಲ್ಲ, ಅದು ಆಮೇಲೆ ಸೇರಿಸಿದ್ದು ಅನಿಸುತ್ತದೆ. ಪೈಪಿಂಗ್ ಜೋಡಣೆ ಹಿಂದೆಯೇ ಇದೆ, ಸೂಜಿದಾರ ಅವರೇ. ಕೋಟಿನೊಳಗೆ ತಲೆ ತೂರಿಸಿ ಟಾರ್ಚ್ ಹಾಕಿದೆ, ಎಲ್ಲೂ ಹೊಳೆಯಲಿಲ್ಲ.

ಲೈನಿಂಗ್ ಮೇಲೆ ಕಂದು ಮುದ್ರೆ ಸಿಕ್ಕಿತು. ಬಿ.ಎ., ರೋಮನ್ 13, 1909. ಕೆಳಗೆ 125, 3ನೇ ಕಂಪನಿ. 124 ಅಲ್ಲ! ವ್ಯಾಪಾರಿಗೆ ತೋರಿಸಿ ‘ರೊಮೆಲ್ ಎಲ್ಲಿ?’ ಅಂದೆ. ಅವನು ಹೆಗಲು ಕುಣಿಸಿದ. ಮೇಲಿನ ಬಿಲ್ಲೆಯದ್ದೂ ಹೇಳಿದೆ. 120ಕ್ಕೆ ಕೊಟ್ಟ. ಬಿಲ್ ಬರೆಸಿಕೊಂಡೆ.

ಮನೆಗೆ ಬಂದು ಬೆಳಕಿನಲ್ಲಿ ನೋಡಿದರೆ ಚರ್ಮದ ಪಟ್ಟಿಯ ಹಿಂಬದಿಯಲ್ಲಿ ಮಸಿಯಿಂದ ಏನೋ ಕೈಬರಹ. ಹೆಸರು ಇರಬೇಕು. ಮುಂದಿನದೆಲ್ಲಾ ಬೆವರಿಗೆ ಅಳಿಸಿದೆ. ಕೊನೆಯ ‘ಲೆ’ ಮಾತ್ರ ಓದೋಕೆ ಆಗುತ್ತದೆ. ಇದರಿಂದ ಏನಾದರೂ ಗೊತ್ತಾಗುತ್ತದಾ?

ಹಳೇ ಟ್ರಂಕು, ಮ್ಯೂನಿಕ್

ಭೇಷ್! ‘ಲೆ’ ಅಂತ ಮುಗಿಯುವ ಮನೆತನದ ಹೆಸರು ನಿಮ್ಮ ಸ್ವಾಬಿಯ ಸೀಮೆಯಲ್ಲಿ ಬೀದಿಗೊಂದು. ಹೇಬರ್ಲೆ, ಐಸೆಲೆ, ಹೀಗೆ. ನಮ್ಮಲ್ಲಿ ‘ಪ್ಪ’ ಅಂತ ಮುಗಿಯುವ ಹೆಸರು ಹುಡುಕಿದ ಹಾಗೆ. ಅದಷ್ಟರಿಂದಲೇ ಆಗಲ್ಲ. ಆದರೆ ನಿಮ್ಮ ಹತ್ತಿರ ರೆಜಿಮೆಂಟು ಇದೆ, ಕಂಪನಿ ಇದೆ. ಪ್ರಷ್ಯದವರ ಟೋಪಿಯಾಗಿದ್ದರೆ ಇಲ್ಲಿಗೇ ನಿಲ್ಲುತ್ತಿತ್ತು, ಅವರ ಸೇನಾ ದಾಖಲೆಗಳಲ್ಲಿ ಹೆಚ್ಚಿನವು 1945ರ ಏಪ್ರಿಲ್‌ನಲ್ಲಿ ಪೋಟ್ಸ್‌ಡಾಮ್‌ನಲ್ಲಿ ಬಾಂಬಿಗೆ ಸುಟ್ಟುಹೋದವು. ವುರ್ಟೆಂಬರ್ಗ್‌ನವು ಉಳಿದಿವೆ. ಮೊದಲ ಮಹಾಯುದ್ಧದಲ್ಲಿ ಯಾವ ಕಂಪನಿಯಲ್ಲಿ ಯಾರಿದ್ದರು ಅನ್ನುವ ಪಟ್ಟಿಗಳು ಸ್ಟುಟ್‌ಗಾರ್ಟ್‌ನ ಮುಖ್ಯ ರಾಜ್ಯ ದಾಖಲೆ ಭಂಡಾರದಲ್ಲಿವೆ. ನೀವು ಟೋಪಿ ಕೊಂಡ ಚೌಕದಿಂದ ನಡೆದೇ ಹೋಗಬಹುದು. 1909ರ ಟೋಪಿ ಹಾಕಿದವನು 1914ಕ್ಕೆ ಅದೇ ಕಂಪನಿಯಲ್ಲಿದ್ದನೋ ಇಲ್ಲವೋ, ನೋಡಬೇಕಷ್ಟೇ.

ನೆಕ್ಕರ್ ದಂಡೆ

ಸೋಮವಾರಕ್ಕೆ ರಜೆ ಹಾಕಿದೆ. ಅಮ್ಮನಿಗೂ ಹೇಳಿದೆ. ‘ಹೆಸರು ಸಿಕ್ಕಿದ ಕೂಡ್ಲೆ ಫೋನ್ ಮಾಡು, ಎಷ್ಟು ಹೊತ್ತಾದ್ರೂ ಸರಿ’ ಅಂದರು.